ಹೊಂಗಣ್ಣಿ ಕಣ್ಣು ಮುಚ್ಚಿಕೊಂಡಳು

ಆರಿಸು ಆ ಬ್ಯಾಟರಿ! ಆರಿಸು ಅಂದೆ, ಕಸ್ತೂರಿ!

ನೋಡಿದೆಯಲ್ಲ, ಸಾಕು. ಹೌದು, ಮೀನು ಬೆಳ್ಳಗಿದೆ. ಹೌದು, ಅದಕ್ಕೆ ಕಣ್ಣಿಲ್ಲ. ಏನಂದೆ? "ಅಯ್ಯೋ ಪಾಪ" ಅಂದೆಯಾ? ನಿನ್ನ ಅಜ್ಜಿಯ ಹರಿಗೋಲಿನಲ್ಲಿ ಕೂತು, ಈ ಗವಿಯೊಳಗೆ, ಈ ಮೀನಿಗೆ ಪಾಪ ಅನ್ನುತ್ತೀಯಾ? ಅದಕ್ಕೆ ಕೇಳಿಸಿದರೆ ನಕ್ಕುಬಿಡುತ್ತೆ. ಪಾಪ ಅಂತೆ, ಪಾಪ! ಅಂಚು ಗಟ್ಟಿಯಾಗಿ ಹಿಡಿದುಕೊಂಡು ಕೂರು. ಹೇಳುತ್ತೇನೆ.

ಆಗ ಲೋಕ ಹೊಸದು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಹೊಳೆಗಳಿಗೆ ಸರಿಯಾಗಿ ನಡೆಯಲೂ ಬರುತ್ತಿರಲಿಲ್ಲ. ಅಂಬೆಗಾಲಿಡುತ್ತಾ, ಬೀಳುತ್ತಾ, ಏಳುತ್ತಾ ಕಡಲನ್ನು ಹುಡುಕಿಕೊಂಡು ಹೊರಟಿದ್ದವು.

ನಮ್ಮ ಕನ್ನೆಹೊಳೆಯೂ ಹೊರಟಳು. ಅವಳ ಜೊತೆಗೆ ಒಂದು ಪುಟ್ಟ ಮೀನು. ಅದರ ಕಣ್ಣು ಹೊನ್ನಿನ ಬಣ್ಣ, ಮೈ ಕೆಂಪು ಹಸಿರು. ಎಲ್ಲರೂ ಅದನ್ನು ಹೊಂಗಣ್ಣಿ ಅಂತ ಕರೆಯುತ್ತಿದ್ದರು. ಹೊಂಗಣ್ಣಿಗೆ ತನ್ನ ಕಣ್ಣಿನ ಮೇಲೆ ಎಷ್ಟು ಜಂಬ ಅಂತೀಯಾ! ನೀರು ನಿಂತಲ್ಲೆಲ್ಲ ಬಗ್ಗಿ ಮುಖ ನೋಡಿಕೊಳ್ಳುತ್ತಿದ್ದಳು.

ಹೋಗುತ್ತಾ ಹೋಗುತ್ತಾ ಗುಮ್ಮನಗುಡ್ಡ ಅಡ್ಡ ಬಂತು. ಇದೇ ಗುಡ್ಡ, ನಮ್ಮ ತಲೆಯ ಮೇಲಿರುವುದು.

"ದಾರಿ ಬಿಡಣ್ಣ" ಅಂದಳು ಹೊಳೆ.

"ನಾನು ಯಾರಿಗೂ ತಲೆ ಬಾಗಿಸುವವನಲ್ಲ, ದಾರಿ ಬಿಡುವವನೂ ಅಲ್ಲ. ಸುತ್ತಿಕೊಂಡು ಹೋಗು" ಅಂತು ಗುಡ್ಡ.

ಅಷ್ಟರಲ್ಲಿ ಗುಡ್ಡ ಹತ್ತಿ ಇಳಿದು ಗಾಳಿ ಓಡಿಬಂತು. "ಹೊಳೆಯವ್ವಾ, ಬೇಗ ಬಾ! ಆಚೆ ಕಡೆ ಒಂದು ಹನಿ ನೀರಿಲ್ಲ. ಹುಲ್ಲು ಒಣಗಿದೆ. ಜಿಂಕೆಮರಿ ಬಾಯಿ ಬಿಟ್ಟುಕೊಂಡು ಮಲಗಿದೆ. ಸುತ್ತಿಕೊಂಡು ಬಂದರೆ ಅದು ಉಳಿಯೋದಿಲ್ಲ."

ಕನ್ನೆಹೊಳೆ ಹಿಂದೆ ಮುಂದೆ ನೋಡಲಿಲ್ಲ. ಗುಡ್ಡದ ಬುಡದಲ್ಲಿ ಒಂದು ಬಿರುಕು ಕಂಡಿತು. ಸರ್‍ರನೆ ಒಳಗೆ ನುಗ್ಗಿದಳು. ಹೊಂಗಣ್ಣಿಯೂ ನುಗ್ಗಿದಳು.

ಒಳಗೆ ಕಗ್ಗತ್ತಲು. ಮೇಲೆ ಯಾವುದು, ಕೆಳಗೆ ಯಾವುದು ಒಂದೂ ಗೊತ್ತಾಗದು. ಹೊಂಗಣ್ಣಿ ಮಿಂಚುಹುಳಗಳನ್ನು ಕೂಗಿ ಕರೆದಳು. ಬಂದವು ನೋಡು, ರಾಶಿ ರಾಶಿ! ಆದರೆ ಗವಿಯ ಗೋಡೆಗಳೆಲ್ಲ ಒದ್ದೆ. ದೀಪ ಬಂದಿದ್ದೇ ತಡ, ಸುತ್ತಲೂ ಪಳಪಳ ಹೊಳೆಯತೊಡಗಿದವು.

"ಅಗೋ ಆಕಾಶ!" ಅಂದಳು ಹೊಂಗಣ್ಣಿ. ಹೊಳೆ ಓಡಿದಳು. ಧಡ್! ಬಂಡೆ.

"ಅಲ್ಲಲ್ಲ, ಅಗೋ, ಅಲ್ಲಿ!" ಹೊಳೆ ಓಡಿದಳು. ಧಡ್! ಮತ್ತೆ ಬಂಡೆ.

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಹಾಗೆ ಹೊಳೆಯೋದೆಲ್ಲ ದಾರಿಯಲ್ಲ. ಢಿಕ್ಕಿ ಹೊಡೆದಲ್ಲೆಲ್ಲ ಹೊಳೆ ತಲೆ ತಿರುಗಿ ಗಿರಗಿರ ಸುತ್ತಿದಳು. ಸುತ್ತಿ ಸುತ್ತಿ ಕಲ್ಲು ಸವೆಯಿತು. ನೀನು ಬರುತ್ತಾ ನೋಡಿದೆಯಲ್ಲ, ಒರಳಿನ ಹಾಗೆ ದುಂಡಗಿರೋ ಕೊಳಗಳು? ಅವು ಆವತ್ತಿನವು.

ಕಲ್ಲಿನ ಸಂದುಗಳಲ್ಲಿ ಇಂಗಿ ಇಂಗಿ ಹೊಳೆ ಸೊರಗಿದಳು. ಬಿರುಕಿನಿಂದ ಗಾಳಿ ಅಳುತ್ತಾ ಕೂಗಿತು: "ಎಲ್ಲಿದ್ದೀಯವ್ವಾ? ಮರಿ ಈಗ ಕಿವಿಯನ್ನೂ ಅಲುಗಿಸುತ್ತಿಲ್ಲ!"

ಹೊಂಗಣ್ಣಿ ಹೊಳೆಯ ಹತ್ತಿರ ಸರಿದಳು. "ನನ್ನಿಂದಲೇ ಆಯ್ತಲ್ಲ. ನನ್ನ ಕಣ್ಣನ್ನು ನಂಬಿ ನೀನು ಹಾಳಾದೆ ಅಕ್ಕಾ" ಅಂದಳು. ಆಮೇಲೆ ಮಿಂಚುಹುಳಗಳ ಕಡೆ ತಿರುಗಿ, "ನೀವೆಲ್ಲ ಹೊರಗೆ ಹೋಗಿ" ಅಂದಳು.

"ನಿನಗೇನು ತಲೆ ಕೆಟ್ಟಿದೆಯಾ?" ಅಂದವು ಅವು.

"ಕೆಟ್ಟಿದ್ದರೆ ಕೆಡಲಿ. ಹೊರಡಿ!"

ಅವು ಹೊರಟವು. ಹೊಂಗಣ್ಣಿ ತನ್ನ ಹೊನ್ನಿನ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಳು.

ಆಗ ಗೊತ್ತಾಯಿತು. ನಿಂತ ನೀರು ನಿಂತಿರಲಿಲ್ಲ. ಪಕ್ಕೆಯ ಹತ್ತಿರ ಒಂದು ಸಣ್ಣ ಸೆಳೆತ, ಯಾರೋ ನೂಲಿನ ಎಳೆ ಹಿಡಿದು ಮೆಲ್ಲಗೆ ಜಗ್ಗಿದ ಹಾಗೆ. ಹೊಂಗಣ್ಣಿ ನಿಂತಳು. ಮೈಯಿಂದ ಮುಟ್ಟಿ ನೋಡಿದಳು. ಹೊರಟಳು. "ಇಲ್ಲಿ ಬಾ ಅಕ್ಕಾ."

ನಿಲ್ಲು. ಮುಟ್ಟು. ಹೊರಡು. ಒಂದು ಕೊಳ ದಾಟಿದ್ದಾಯಿತು. ನಿಲ್ಲು. ಮುಟ್ಟು. ಹೊರಡು. ಇನ್ನೊಂದು ಕೊಳ.

ಗುಡ್ಡಕ್ಕೆ ಕಸಿವಿಸಿಯಾಯಿತು. "ಏ ಮೀನೇ, ಕಣ್ಣು ಬಿಡೇ. ನನ್ನ ಹೊಟ್ಟೆಯಲ್ಲಿ ಬೆಳ್ಳಿ ಇದೆ, ಹರಳು ಇದೆ. ಒಂದೇ ಒಂದು ಸಲ ನೋಡು" ಅಂತು.

"ನಿನ್ನ ಬೆಳ್ಳಿ ನೀನೇ ಇಟ್ಟುಕೋ" ಅಂದಳು ಹೊಂಗಣ್ಣಿ. ಕಣ್ಣು ಬಿಡಲಿಲ್ಲ.

ನಿಲ್ಲು. ಮುಟ್ಟು. ಹೊರಡು.

ಭೋರ್ ಅಂತ ಕನ್ನೆಹೊಳೆ ಗುಡ್ಡದ ಆಚೆ ಬದಿಗೆ ಹಾರಿದಳು! ನೀರು ಹರಿದು ಹೋಗಿ ಜಿಂಕೆಮರಿಯ ಮೂತಿಗೆ ತಾಗಿತು. ಮರಿ ನಾಲಿಗೆ ಚಾಚಿತು. ಕುಡಿಯಿತು. ಮತ್ತೆ ಕುಡಿಯಿತು. ತೂರಾಡುತ್ತಾ ಎದ್ದು ನಿಂತಿತು. ಗಾಳಿ ಕುಣಿದು ಕುಣಿದು ಹುಚ್ಚಾಯಿತು.

"ಬಾರೇ ಹೊಂಗಣ್ಣಿ, ಗೆದ್ದೆವು! ಇನ್ನು ಕಣ್ಣು ಬಿಡೇ, ಬಿಸಿಲು ನೋಡೇ!" ಹೊಳೆ ಕೂಗಿದಳು.

ಹೊಂಗಣ್ಣಿ ಗವಿಯ ಬಾಯಲ್ಲೇ ಇದ್ದಳು. ಮುಚ್ಚಿದ ಕಣ್ಣಿನ ಮೇಲೆ ಬಿಸಿಲು ಬಿತ್ತು, ಬೆಚ್ಚಗಾಯಿತು. ಇನ್ನೇನು ಕಣ್ಣು ಬಿಡಬೇಕು, ಅಷ್ಟರಲ್ಲಿ ಹಿಂದಿನಿಂದ ಸದ್ದು.

ಧಡ್!

"ಅದು ಯಾರು?" ಅಂದಳು ಹೊಂಗಣ್ಣಿ.

"ನನ್ನದೇ ಹಿಂದಿನ ನೀರು ಕಣೇ. ಈಗ ಬರುತ್ತಾ ಇದೆ."

"ಅದಕ್ಕೆ ದಾರಿ ಗೊತ್ತಾ?"

ಗವಿಯೊಳಗೆ ಮತ್ತೆ ಧಡ್!

"ನಾಳೆ ಬರೋ ನೀರಿಗೆ? ನಾಡಿದ್ದು ಬರೋದಕ್ಕೆ?"

ಹೊಳೆಯ ನೀರು ದಿನಾ ಹೊಸದು. ನಿನ್ನೆಯ ನೀರು ಕಲಿತ ದಾರಿ ಇವತ್ತಿನ ನೀರಿಗೆ ಗೊತ್ತಿರೋದಿಲ್ಲ.

"ಹಾಗಾದರೆ ನನಗೆ ಕೆಲಸ ಇದೆ ಅಕ್ಕಾ. ನೀನು ಹೋಗಿ ಬಾ" ಅಂದಳು ಹೊಂಗಣ್ಣಿ. ಅತ್ತಳೋ ಇಲ್ಲವೋ, ಹೇಗೆ ಹೇಳಲಿ? ನೀರೊಳಗಿನ ಮೀನಿನ ಅಳು ಯಾರಿಗೆ ಕಾಣುತ್ತೆ! ತಿರುಗಿ ಕತ್ತಲೆಗೆ ಹೋದಳು, ಅಷ್ಟೇ.

ಯಾರಿಗೂ ಬಾಗದ ಗುಮ್ಮನಗುಡ್ಡ ಆವತ್ತು ತಲೆ ಬಾಗಿಸಿತು. ಅದಕ್ಕೇ ಇಲ್ಲಿ ಚಾವಣಿ ಇಷ್ಟು ತಗ್ಗು. ಗುಡ್ಡವೇ ಬಾಗಿದ ಮೇಲೆ ನಾವೂ ಬಾಗಿಯೇ ಒಳಗೆ ಬರಬೇಕು.

ಹೊಂಗಣ್ಣಿಯ ಮಕ್ಕಳು ಕಣ್ಣು ಬಿಡಲಿಲ್ಲ. ಮೊಮ್ಮಕ್ಕಳೂ ಬಿಡಲಿಲ್ಲ. ಕಣ್ಣಿನ ಮೇಲೆ ಚರ್ಮ ಬೆಳೆಯಿತು. ಕೆಂಪು ಹಸಿರು ಬಣ್ಣ ಮೆಲ್ಲಗೆ ನೀರಿಗೆ ಇಳಿದುಹೋಯಿತು. ಕತ್ತಲಲ್ಲಿ ಅದನ್ನು ನೋಡೋರು ಯಾರು?

ನಾವು ಅಂಬಿಗರು ಕಣೇ ಕಸ್ತೂರಿ. ಈ ಹೊಳೆಯಲ್ಲಿ ನಮ್ಮಷ್ಟು ದಾರಿ ಬಲ್ಲವರಿಲ್ಲ ಅಂತ ಎದೆ ತಟ್ಟಿ ಹೇಳ್ತೀವಿ. ಆದರೆ ಈ ದೊಡ್ಡ ಕೊಳಕ್ಕೆ ಬಂದಾಗ ನಿಮ್ಮ ತಾತನೂ ದೀಪ ಆರಿಸಿ, ಹುಟ್ಟು ಮೇಲೆತ್ತಿ, ನೀರಿಗೆ ಕೈ ಇಳಿಬಿಡುತ್ತಿದ್ದ. ನಮಗೂ ಗುರುವಾದವಳ ಮನೆ ಇದು. ಗುರುವಿನ ಮುಖಕ್ಕೆ ಬ್ಯಾಟರಿ ಹಿಡಿಯುತ್ತಾರೇನೇ?

ಹಾಂ, ಕೈ ಇಳಿಬಿಡು. ಮೆಲ್ಲಗೆ. ಕಚಗುಳಿ ಆಯ್ತಾ? ಬಂದಳು ನೋಡು, ಹೊಸಬಳು ಯಾರು ಅಂತ ಮುಟ್ಟಿ ಕೇಳುತ್ತಿದ್ದಾಳೆ. ಸೆಳೆತ ಯಾವ ಕಡೆ ಇದೆ, ನೀನೇ ಹೇಳು. ಬಲಕ್ಕಾ? ಶಭಾಷ್! ಬಲಕ್ಕೇ ಹೊರಡೋಣ.

ಅಗೋ, ಗವಿಯ ಆಚೆ ಬಾಯಿ ಕಾಣುತ್ತಿದೆ. ಅಲ್ಲಿ ಜಿಂಕೆಗಳು ಇವತ್ತೂ ನೀರು ಕುಡಿಯುತ್ತಿರುವುದು ಈ ಬಿಳಿ ಮೀನು ಇವತ್ತೂ ಕಣ್ಣು ಬಿಡದಿರುವುದರಿಂದ.