ಅಜ್ಜನವರು ಮತ್ತು ಉಣ್ಣದ ಮೊಲ

ನೀರಕಟ್ಟಿ ಮಠದಲ್ಲಿ ಇದ್ದದ್ದು ಒಂದೇ ಕಟ್ಟಳೆ: ಮೂಕಜೀವಿ ತಾನಾಗಿ ಹತ್ತಿರ ಬರುವ ತನಕ ಯಾರೂ ಅದನ್ನು ಮುಟ್ಟಕೂಡದು. ಪೂಜ್ಯ ಅಡವೆಯ್ಯ ಅಜ್ಜನವರು ಇದನ್ನು ಸ್ವಹಸ್ತದಿಂದ ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿದ್ದರು. ಅಂದು ಅದನ್ನು ಎಲ್ಲರೂ ಮುರಿದರು. ಓದು ಬಾರದವರಲ್ಲ, ಓದು ಕಲಿಸಿದವರೇ ಮೊದಲು ಮುರಿದರು.

ಅಜ್ಜನವರಿಗೆ ಗದ್ದುಗೆಗಿಂತ ಕೊಟ್ಟಿಗೆಯೇ ಪ್ರಿಯ. ಆ ಮಧ್ಯಾಹ್ನವೂ ಗೋಣಿಚೀಲದ ಮೇಲೆ ಕುಳಿತು ಕರುವಿಗೆ ಹಗ್ಗ ಹೊಸೆಯುತ್ತಿದ್ದರು. ನಿವೃತ್ತ ಶಾಲಾ ಇನ್ಸ್‌ಪೆಕ್ಟರ್ ಪಂಪಾಪತಿ ಕಲಕೇರಿಯವರು ಬಿಳಿ ಮೊಲವೊಂದನ್ನು ಎದೆಗವಚಿಕೊಂಡು ಒಳಗೆ ಬಂದರು. ಯಾವ ಮಠದಲ್ಲೂ ಕೈ ಜೋಡಿಸಿದ ಮನುಷ್ಯರಲ್ಲ. ಪತ್ನಿ ಶಾಂಭವಿಯವರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಆಕೆ ‘ಅರಳೆ’ ಎಂದು ಹೆಸರಿಟ್ಟು ಸಾಕಿದ ಈ ಮೊಲ ಹಿಂದಿನ ದಿನದಿಂದ ಒಂದು ಎಸಳನ್ನೂ ತಿಂದಿರಲಿಲ್ಲ. ಪಶುವೈದ್ಯರು ಔಷಧಿ ಹಾಕಿ, ಸಂಜೆಯೊಳಗೆ ಮೇಯದಿದ್ದರೆ ಉಳಿಯುವುದು ಕಷ್ಟ ಎಂದಿದ್ದರು.

“ಮಂತ್ರ-ಗಿಂತ್ರದಾಗ ನನಗ ನಂಬಿಕಿ ಇಲ್ಲ. ಜಾನುವಾರದ ಮನಸ್ಸು ನಿಮಗ ತಿಳಿತೈತಿ ಅಂದ್ರು, ಅದಕ್ಕ ಬಂದೇನಿ” ಎಂದರು ಕಲಕೇರಿಯವರು.

ಅಷ್ಟರಲ್ಲಿ ದರ್ಶನಕ್ಕೆ ಬಂದವರೆಲ್ಲ ಮುತ್ತಿದರು. ಮೊಲ ಕಲಕೇರಿಯವರ ತೋಳಿನಲ್ಲಿ ಕದಲದೆ ಇತ್ತು.

“ನೋಡ್ರಿ, ಅಜ್ಜಾರ ಮುಂದ ಹೆಂಗ ಧ್ಯಾನಕ್ಕ ಕುಂತೈತಿ!” ಎಂದಳು ಹೂ ಕಟ್ಟುವ ಗೌರವ್ವ. ಒಬ್ಬೊಬ್ಬರೂ ಅದರ ಬೆನ್ನು ಸವರಿ ಕೈಯನ್ನು ಕಣ್ಣಿಗೊತ್ತಿಕೊಂಡರು.

“ಸಾಹೇಬ್ರು ನೋಡಿದ ಸಾಲ್ಯಾಗೆಲ್ಲ ಇಷ್ಟು ಶಿಸ್ತಿನ ಹುಡುಗ ಒಬ್ಬನೂ ಇದ್ದಿದ್ದಿಲ್ಲ ಬಿಡ್ರಿ” ಎಂದು ಯಾರೋ ಕೆಣಕಿದರು.

“ದಿನಪೂರ್ತಿ ಸವರಿದರೂ ಮಿಸುಕಂಗಿಲ್ಲ” ಎಂದರು ಕಲಕೇರಿಯವರು. “ನನ್ನ ಮ್ಯಾಲೆ ಅಷ್ಟು ವಿಶ್ವಾಸ.”

ಅಜ್ಜನವರು ಹಗ್ಗ ಕೆಳಗಿಟ್ಟರು. “ಹದ್ದಿನ ಉಗುರಾಗ ಸಿಕ್ಕ ಮೊಲಾನೂ ಹಿಂಗ ಸುಮ್ಮನಿರತೈತಿ, ಸಾಹೇಬ್ರ. ಕೆಳಗ ಬಿಡ್ರಿ.”

ಆ ಪುಟ್ಟ ಎದೆ ತಮ್ಮ ಅಂಗೈಯಡಿ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿದೆ ಎಂಬುದು ಆಗಷ್ಟೇ ಕಲಕೇರಿಯವರಿಗೆ ತಿಳಿಯಿತು. ಕೆಳಗಿಟ್ಟದ್ದೇ ತಡ, ಮೊಲ ಹುಲ್ಲಿನ ಹೊರೆಯ ಹಿಂದೆ ನುಸುಳಿತು.

“ಅಜ್ಜಾರ, ನೀವಾದ್ರೂ ತಲಿ ಮ್ಯಾಲೆ ಕೈ ಇಡ್ರಿ!” ಎಂದು ಭಕ್ತರು ಅಂಗಲಾಚಿದರು. ಅಜ್ಜನವರು ತಲೆಯಲ್ಲಾಡಿಸಿ, ಕಲಕೇರಿಯವರನ್ನು ನೆಲದ ಮೇಲೆ ಕೂರಿಸಿ, ಮತ್ತೆ ಹಗ್ಗ ಹಿಡಿದರು. ಬಾಗಿಲ ಬಿಸಿಲು ಹೊಸ್ತಿಲಿಗೆ ಬಂತು. ಹೊಸ್ತಿಲು ದಾಟಿತು. ಹೊರೆಯ ಹಿಂದೆ ಸದ್ದಿಲ್ಲ.

“ಹೊತ್ತು ಇಳೀತು, ಅಜ್ಜಾರ” ಎಂದರು ಕಲಕೇರಿಯವರು.

“ನಿಮ್ಮ ಮನಿಯವರು ಹೆಂಗ ಎತ್ತಿಕೊಳ್ತಿದ್ರು ಇದನ್ನ?”

ಕಲಕೇರಿಯವರು ಹುಲ್ಲಿನ ಹೊರೆಯತ್ತ ನೋಡಿದರು. “ಎತ್ತಿದ್ದು ನಾ ನೋಡೇ ಇಲ್ರೀ. ಅಡಗಿಮನಿ ನೆಲದಾಗ ಕುಂತು ಮೆಂತೆಪಲ್ಲೆ ಸೋಸತಿದ್ಲು. ಇದೇ ಬರತಿತ್ತು. ಎಷ್ಟೊತ್ತು ಕುಂದರ್ತಿ ಅಂತ ನಾನೇ ಬೈತಿದ್ದೆ.”

ಕಲಕೇರಿಯವರು ಮೊಲದತ್ತ ನೋಡುವುದನ್ನೂ ಬಿಟ್ಟು, ಅಂಗೈಗಳನ್ನು ನೆಲಕ್ಕೆ ಇಳಿಬಿಟ್ಟರು.

ಬಿಸಿಲು ಕೆಂಪಾಗುವ ಹೊತ್ತಿಗೆ ಅರಳೆ ಹೊರಬಂತು. ಪಕ್ಕದಿಂದ ಅವರ ಮೊಣಕಾಲನ್ನು ಮೂಸಿತು, ಹಿಂಜರಿಯಿತು, ಮತ್ತೆ ಬಂದು ಗದ್ದವನ್ನು ನೆಲಕ್ಕೊತ್ತಿ ತಲೆ ತಗ್ಗಿಸಿತು.

“ಈಗ ಸವರು ಅಂತ ತಾನ ಕೇಳಾಕತ್ತೈತಿ” ಎಂದರು ಅಜ್ಜನವರು. “ಹಣಿ ಮ್ಯಾಲೆ, ಎರಡ ಬೆರಳು.”

ಹಣೆಯಿಂದ ಕಿವಿಯ ಬುಡದವರೆಗೆ ಬೆರಳು ಮೆಲ್ಲಗೆ ಸರಿಯಿತು. ಮೊಲದ ಕಣ್ಣು ಅರೆಮುಚ್ಚಿತು, ಹಲ್ಲು ಹಲ್ಲಿಗೆ ತಾಗುವ ಸಣ್ಣ ನೆಮ್ಮದಿಯ ಸದ್ದು ಕೇಳಿಸಿತು. ಬೆರಳು ತೆಗೆದರೆ ಮೂತಿಯಿಂದ ಕೈಯನ್ನು ತಳ್ಳಿತು. ಕೊನೆಗೆ ಕರುವಿನ ಹುಲ್ಲಿನ ಹೊರೆಯಿಂದ ಗರಿಕೆಯ ಒಂದು ಎಳೆಯನ್ನು ಎಳೆದು ಅಗಿಯತೊಡಗಿತು.

“ತಿಂತು! ತಿಂತು!” ಎಂದು ಜನ ನುಗ್ಗಿದರು. “ಎತ್ತಿಕೊಳ್ರಿ ಸಾಹೇಬ್ರ, ಒಂದ ಸಲ ಎಲ್ಲಾರೂ ಮುಟ್ಟಿ ಕಣ್ಣಿಗೊತ್ತಿಕೊಳ್ತೀವಿ!” ಎಂದಳು ಗೌರವ್ವ. ಹತ್ತು ಕೈಗಳು ಚಾಚಿದವು. ಮೊಲದ ಕಿವಿಗಳು ಬೆನ್ನಿಗಂಟಿದವು, ಅಗಿಯುವುದು ನಿಂತಿತು.

ಕಲಕೇರಿಯವರು ಮೊಲಕ್ಕೆ ಬೆನ್ನು ಮಾಡಿ, ಜನರಿಗೂ ಅದಕ್ಕೂ ನಡುವೆ ಅಡ್ಡ ಕುಳಿತು, ಎಂದೂ ಯಾರಿಗೂ ಜೋಡಿಸದ ಆ ಎರಡು ಕೈಗಳನ್ನು ಜೋಡಿಸಿದರು.