ಜೋಡಿ ಯಾರು ನಡೆದರು?

ಪೂಜ್ಯ ಗುರುಸಿದ್ಧವ್ವ ತಾಯಿಯವರು ಆ ದಿನಗಳಲ್ಲಿ ಹೊಳೆದಂಡೆಯ ಹಾಳು ಮಂಟಪವೊಂದರಲ್ಲಿ ವಾಸವಾಗಿದ್ದರು. ಬುದ್ಧಿ ಕದಡಿದವರನ್ನು ಮನೆಯವರು ಅಲ್ಲಿಗೆ ತಂದು ಬಿಡುತ್ತಿದ್ದರು. ತಾಯಿಯವರು ಆಸ್ಪತ್ರೆಯ ಗುಳಿಗೆಯನ್ನು ಬೇಡವೆಂದವರಲ್ಲ, ತಾವೇ ನೆನಪಿಟ್ಟು ನುಂಗಿಸುತ್ತಿದ್ದರು. ಆದರೆ ಯಾರನ್ನೂ ಕಟ್ಟಿಹಾಕಲಿಲ್ಲ. ಎದ್ದು ಹೊರಟವರ ಸೆರಗಿಗೋ ಧೋತರದ ಚುಂಗಿಗೋ ತಮ್ಮ ಸೆರಗನ್ನು ಗಂಟು ಹಾಕಿಕೊಂಡು, ಅವರು ಹೋದತ್ತ ತಾವೂ ನಡೆಯುತ್ತಿದ್ದರು. ಪವಾಡ ನೋಡಲು ಹೋದ ನಮ್ಮಂಥವರಿಗೆ ಕಂಡದ್ದು ಅವರ ಒಡೆದ ಅಂಗಾಲು ಮಾತ್ರ.

ಒಂದು ಮಧ್ಯಾಹ್ನ ಕಮಲಾಕ್ಷಿ ಎಂಬ ನರ್ಸ್ ಬಂದರು. ಮಾನಸಿಕ ಆಸ್ಪತ್ರೆಯೊಂದರಲ್ಲಿ ಹನ್ನೆರಡು ವರ್ಷ ದುಡಿದವರು. ರೋಗಿಗಳು ಕೈದಿಗಳಲ್ಲ, ವಾರ್ಡಿಗೆ ಬೀಗ ಬೇಡ ಎಂದು ಧರಣಿ ಕುಳಿತು, ಬೀಗವೇ ಕ್ಷೇಮವೆನ್ನುವ ಜೊತೆಯವರ ಮುನಿಸು ಕಟ್ಟಿಕೊಂಡು, ಕೊನೆಗೂ ಗೆದ್ದಿದ್ದರು. ಹದಿನೇಳನೆಯ ದಿನ ಲಕ್ಕವ್ವ ಎಂಬ ರೋಗಿ ತೆರೆದ ಬಾಗಿಲಿನಿಂದ ಹೊರಹೋಗಿ ಕೆರೆಯ ಪಾಲಾದಳು. ಮರುದಿನವೇ ಬೀಗ ಮರಳಿತು. ಕಮಲಾಕ್ಷಿಯವರ ಚೀಲದಲ್ಲೀಗ ರಾಜೀನಾಮೆ ಪತ್ರವಿತ್ತು.

ತಾಯಿಯವರು ಆಗಲೂ ಒಬ್ಬ ಮುದುಕಿಯ ಸಂಗಡ ಬಿಸಿಲಲ್ಲಿ ನಡೆಯುತ್ತಿದ್ದರು. ಕಮಲಾಕ್ಷಿ ಪಕ್ಕದಲ್ಲೇ ನಡೆಯುತ್ತ ಕೇಳಿದರು:

"ಅವ್ವಾ, ಬಾಗಿಲಾ ತಗಿಸಿದಾಕಿ ನಾನು. ಆಕೀನ ಕೊಂದಾಕೀನೂ ನಾನೇ ಏನು?"

ತಾಯಿಯವರು ನಡೆಯುತ್ತಲೇ ಹೇಳಿದರು:

"ನನ್ನ ತಮ್ಮಗ ತಲಿ ಕೆಟ್ಟಿತ್ತು. ಕಂಬಕ್ಕ ಕಟ್ಟಿ ಹೊಲಕ್ಕ ಹೋಗತಿದ್ವಿ. ಒಂದಿನ ಬಂದು ನೋಡಿದ್ರ ಕಟ್ಟಿದಲ್ಲೇ ಜೀವಾ ಬಿಟ್ಟಿದ್ದ, ನೀರಡಿಸಿ." ಅವರ ಕಣ್ಣು ತುಂಬಿತ್ತು. "ನೀ ಬಾಗಿಲಾ ತಗಿಸಿದ್ದು ತಪ್ಪಲ್ಲ ಮಗಳೆ. ಆಕಿ ಹೊಂಟಾಗ ಜೋಡಿ ಯಾರು ನಡದ್ರು?"

ಕಮಲಾಕ್ಷಿ ದಾರಿಯಲ್ಲೇ ಕುಸಿದು ಅತ್ತರು. ಲಕ್ಕವ್ವ ಹೊರಟ ಹೊತ್ತಿಗೆ ಆಸ್ಪತ್ರೆಯ ಅಂಗಳದಲ್ಲಿ, ಬೀಗ ತೆಗೆಸಿದ್ದಕ್ಕಾಗಿ ಅವರಿಗೆ ಶಾಲು ಹೊದಿಸಿ ಸನ್ಮಾನ ನಡೆದಿತ್ತು. ವಾರ್ಡಿನಲ್ಲಿರಬೇಕಾದ ಇಬ್ಬರೂ ನರ್ಸುಗಳು ಫೋಟೋಕ್ಕೆ ಬಂದು ನಿಂತಿದ್ದರು.

ತಾಯಿಯವರು ತಮ್ಮ ಸೆರಗಿನ ಗಂಟು ಬಿಚ್ಚಿ, ಮುದುಕಿಯ ಸೆರಗನ್ನು ಕಮಲಾಕ್ಷಿಯವರ ಸೆರಗಿಗೆ ಕಟ್ಟಿದರು. ಬಿಸಿಲಿಳಿಯುವವರೆಗೆ ಅವರಿಬ್ಬರೂ ನಡೆದರು.

ರಾಜೀನಾಮೆ ಪತ್ರ ಚೀಲದಲ್ಲೇ ಉಳಿಯಿತು. ಕಾಡಿ ಬೇಡಿ ಕಮಲಾಕ್ಷಿ ದಿನಕ್ಕೆ ಎರಡು ಗಂಟೆ ಬಾಗಿಲು ತೆರೆಸಿದರು, ಅಷ್ಟೇ ಸಾಧ್ಯವಾಯಿತು. ಆ ಹೊತ್ತಿನಲ್ಲಿ ಸನ್ಮಾನದ ಶಾಲಿನ ಒಂದು ತುದಿ ರೋಗಿಯ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ. ನಿವೃತ್ತಿಯವರೆಗೂ ಹೀಗೆ ನಡೆದರು. ಕೆರೆಯ ಹತ್ತಿರ ಬಂದಾಗ ಮಾತ್ರ ಅವರ ಕಾಲು ಮುಂದಕ್ಕೆ ಬರುತ್ತಿರಲಿಲ್ಲವಂತೆ. ಆಗ ರೋಗಿಗಳೇ ಶಾಲನ್ನು ಮೆಲ್ಲಗೆ ಎಳೆಯುತ್ತಿದ್ದರು:

"ನಡೀರಿ ಸಿಸ್ಟರ್, ನಾವು ಅದೀವಿ."