ಒರೆಗೆ ಹಚ್ಚು ಅಂದರೆ

ಹೊಳೆಯ ದಂಡೆಯಲ್ಲಿ ಕಮ್ಮಾರ ಮೋನಪ್ಪಜ್ಜನ ಕುಲುಮೆ ಇತ್ತು. ಅಲ್ಲಿ ನಡೆಯುತ್ತಿದ್ದದ್ದು ಕೋವಿಯ ಕೆಲಸ, ಆದರೂ ಜನ ಅದನ್ನು ಮಠ ಅನ್ನುತ್ತಿದ್ದರು. ಅಜ್ಜ ಕಲಿಸುವ ರೀತಿಯೇ ಹಾಗಿತ್ತು. ಮಾತು ಕಡಿಮೆ, ಕೆಲಸ ಹೆಚ್ಚು, ಹೊತ್ತಿಗೆ ಸರಿಯಾಗಿ ಊಟ.

ಶಿಷ್ಯ ನಾಗಲಿಂಗ ಹಲವು ವರ್ಷ ಅಲ್ಲಿ ಸುತ್ತಿಗೆ ಹಿಡಿದ ಮೇಲೆ ತಾನೇ ಒಂದು ಹೊಸ ಕಾರ್ಬೈನು ಮಾಡಿದ. ಕಾರ್ಬೈನು ಅಂದರೆ ಕುದುರೆಯ ಮೇಲೆ ಕೂತು ಹಿಡಿಯುವ ಗಿಡ್ಡ ಕೋವಿ.

ಘಟ್ಟದ ದಾರಿ ಕಾಯುವ ಸವಾರರಿಗೆ ಅದು ಬೇಕಾಗಿತ್ತು. ಆ ಸವಾರರಲ್ಲಿ ನಾಗಲಿಂಗನ ಒಡಹುಟ್ಟಿದ ತಮ್ಮನೂ ಒಬ್ಬ. ಹೋದ ವರ್ಷ ಹಳೆಯ ಕೋವಿ ಕೈಕೊಟ್ಟು, ಅವನ ಜೊತೆಗಾರ ದರೋಡೆಕೋರರ ಕೈಯಲ್ಲಿ ಸತ್ತಿದ್ದ. ಈ ಹೊಸ ಕೋವಿ ಮೊದಲು ತಮ್ಮನ ಕೈಗೇ ಹೋಗುವುದಿತ್ತು.

“ಒಂದು ತಿಂಗಳು ಒರೆಗೆ ಹಚ್ಚು. ಆಮ್ಯಾಲೆ ಕಳಸೋಣು,” ಅಂದ ಅಜ್ಜ.

ನಾಗಲಿಂಗ ಕೋವಿಯನ್ನು ಕತ್ತೆಯ ಬೆನ್ನಿಗೆ ಕಟ್ಟಿ ಊರೂರು ಸುತ್ತಿದ. ಮರಳಲ್ಲಿ ಹೊರಳಿಸಿದ, ಹೊಳೆಯಲ್ಲಿ ಅದ್ದಿದ, ಬಂಡೆಯ ಮೇಲೆ ಬೀಳಿಸಿದ. ದಿನಕ್ಕೆ ಹತ್ತು ಗುಂಡು ಹಾರಿಸಿದ. ತಿಂಗಳು ಕಳೆದು ಗುರುವಿನ ಮುಂದೆ ನಿಂತಾಗ ಅವನ ಎದೆ ಉಬ್ಬಿತ್ತು. ಮುನ್ನೂರು ಗುಂಡಿನಲ್ಲಿ ಒಂದೂ ಕೈಕೊಟ್ಟಿಲ್ಲ ಎಂದು ಹೇಳಿದ.

ಅಜ್ಜ ಕೋವಿಯನ್ನು ಮೂಸಿ ನೋಡಿದ. ಆಮೇಲೆ ಶಿಷ್ಯನನ್ನು ಮೇಲಿಂದ ಕೆಳಗೆ ನೋಡಿದ.

“ನಾಗ್ಯಾ, ನಿನ್ನ ಧೋತರದ ಚುಂಗು ಯಾಕ ಕರ್ರಗಾಗೇತಿ?”

ನಾಗಲಿಂಗ ತಲೆ ತಗ್ಗಿಸಿದ. ದಿನಾ ಸಂಜೆ ಮಣ್ಣು ಒರೆಸಿ, ನಾಲ್ಕು ಹನಿ ಎಣ್ಣೆ ಬಿಟ್ಟು, ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದನಂತೆ. ಕೂಸನ್ನು ಕೆಸರಲ್ಲಿ ಬಿಟ್ಟು ಉಣ್ಣುವುದು ಹೇಗೆ ಎಂದು ಗುರುವನ್ನೇ ಕೇಳಿದ.

“ಒರೆಗೆ ಹಚ್ಚು ಅಂದಿದ್ದೆ. ಒರಸು ಅಂದಿದ್ನೇನು?” ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. “ಗೆದ್ದದ್ದು ನಿನ್ನ ಧೋತರ. ನಿನ್ನ ತಮ್ಮಗ ಅದನ್ನ ಕಳಸೋಣೇನು?”

ನಗು ನಿಂತ ಮೇಲೆ ಅಜ್ಜ ಎದ್ದು, ಎಮ್ಮೆಗಳು ಮಲಗುವ ಕೆಸರಿನ ಮಡುವಿಗೆ ಕೋವಿಯನ್ನು ಎಸೆದುಬಿಟ್ಟ. ಒಂಬತ್ತು ದಿನ ಯಾರೂ ಮುಟ್ಟಕೂಡದು ಅಂದ.

ಆ ಒಂಬತ್ತು ದಿನ ನಾಗಲಿಂಗನಿಗೆ ಅನ್ನ ಸೇರಲಿಲ್ಲ. ಮಡುವಿನ ದಂಡೆ ಬಿಟ್ಟು ಕದಲಲಿಲ್ಲ. ಅಜ್ಜ ಬೈಯಲಿಲ್ಲ, ರೊಟ್ಟಿ ತಂದು, ಪಕ್ಕದಲ್ಲಿ ಕೂತು, ಮುರಿದು ಮುರಿದು ಅವನ ಕೈಗಿಟ್ಟ. ನಾಗಲಿಂಗನಿಗೆ ಈ ಮುದುಕನ ಮೇಲೆ ಕೆಂಡದಂಥ ಸಿಟ್ಟಿತ್ತು. ಆದರೂ ಅವನು ಬರುವುದು ತುಸು ತಡವಾದರೆ ತಿರುಗಿ ತಿರುಗಿ ನೋಡುತ್ತಿದ್ದ.

ಹತ್ತನೆಯ ದಿನ ಅಜ್ಜನೇ ಕೆಸರಿಗಿಳಿದು ಕೋವಿ ತೆಗೆದ. ನಳಿಗೆಯೊಳಗೆ ಕಡ್ಡಿಯಾಡಿಸಿ ಗುಂಡಿಗೆ ದಾರಿ ಮಾಡಿದ, ಬೇರೇನೂ ಒರೆಸಲಿಲ್ಲ. ಒಂದು ಗುಂಡು ಹಾರಿತು. ಇನ್ನೊಂದು ಹಾರಿತು. ಮೂರನೆಯದನ್ನು ತುಂಬಲು, ಗುಂಡಿನ ಮನೆ ಮುಚ್ಚುವ ಅಗುಳಿ ಎಳೆದರೆ ಅದು ಕಚ್ಚಿಕೊಂಡು ನಿಂತಿತು. ಎಳೆದರೂ ಇಲ್ಲ, ದೂಡಿದರೂ ಇಲ್ಲ.

ನಾಗಲಿಂಗ ಕೋವಿ ಕಸಿದುಕೊಂಡು ತಾನೂ ಎಳೆದು ನೋಡಿದ. “ನನ್ನ ಕೈಯಾರೆ ನನ್ನ ತಮ್ಮನ್ನ ಕೊಲ್ಲತಿದ್ದೆ ಅಜ್ಜಾ,” ಅಂದು ಬಿಕ್ಕಿದ.

ಅಜ್ಜ ಅವನ ಬೆನ್ನ ಮೇಲೆ ಕೆಸರುಗೈ ಇಟ್ಟ. “ಕೊಂದಿಲ್ಲಲ್ಲ. ಘಟ್ಟದಾಗ ನಿಲ್ಲೂದು ಇಲ್ಲೇ ನಿಂತೈತಿ, ನಮ್ಮಿಬ್ಬರ ಮುಂದ. ಇದಕ್ಕ ಅಳತಾರೇನು?”

ಇಬ್ಬರೂ ಕೂತು ಕೋವಿ ಬಿಚ್ಚಿದರು. ಅಗುಳಿಗೂ ಅದು ಕೂರುವ ಮನೆಗೂ ನಡುವೆ ಎರಡು ಕಾಳು ಮರಳು ಸಿಕ್ಕಿಕೊಂಡಿತ್ತು. ನಾಗಲಿಂಗ ಅಗುಳಿಯನ್ನು ಎಷ್ಟು ಬಿಗಿಯಾಗಿ ಕೂರಿಸಿದ್ದನೆಂದರೆ, ಒಳಹೊಕ್ಕ ಮರಳಿಗೆ ಹೊರಬೀಳಲು ದಾರಿಯೇ ಇರಲಿಲ್ಲ. ಆ ಬಿಗಿಯ ಬಗ್ಗೆಯೇ ಅವನಿಗೆ ಎಲ್ಲಕ್ಕಿಂತ ಹೆಮ್ಮೆ.

ಅವನು ಕಣ್ಣೊರೆಸಿಕೊಂಡು ಅರ ಹಿಡಿದ. ಉಜ್ಜಿ ತುಸು ಸಂದು ಬಿಡಬೇಕು ಎನ್ನುವುದು ತಿಳಿಯಿತು. ಹೆಚ್ಚು ಬಿಟ್ಟರೆ ಅಗುಳಿ ಅಲುಗಾಡುತ್ತದೆ, ಕಡಿಮೆ ಬಿಟ್ಟರೆ ಮತ್ತೆ ಕಚ್ಚುತ್ತದೆ. ತಮ್ಮನ ಮುಖ ನೆನಪಾಗಿ ಅರ ಕೆಳಗಿಟ್ಟ.

“ಮರಳು ಬಂದು ಹೋಗಾಕ ಎಷ್ಟು ಸಂದು ಬಿಡಲಿ ಅಜ್ಜಾ?”

“ಇಷ್ಟು ವರ್ಸ ನಿನ್ನ ತಪ್ಪು ಬಂದು ಹೋಗಾಕ ನಾ ಎಷ್ಟು ಬಿಟ್ಟೀನೋ, ಅಷ್ಟು ಬಿಡು.”